ಅಪ್ಪನ ಮಂಚದವರೆಗೆ ಬಾರದ ಸ್ವರ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಗುಂಗುರು,

ಹೇಗಿದ್ದೀಯೋ? ನಿನ್ನ ಕಾರ್ಡು ಬಂದು ಐದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ಬಾಯಿಬಿಟ್ಟು ಬೈಯುವ ಗಿರಾಕಿಗಳು ಅಂಗಡಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಗದ ಮುಂದಿಟ್ಟುಕೊಂಡು ಎರಡು ಸಲ ಕೂತಿದ್ದೆ. ಒಂದು ಸಲ ತಾರೀಖು ಬರೆಯುವಷ್ಟರಲ್ಲಿ ಅಪ್ಪನ ಹಾಸಿಗೆ ಒದ್ದೆಯಾಯಿತು. ಇನ್ನೊಂದು ಸಲ ‘ಪ್ರೀತಿಯ’ ಎಂದು ಬರೆದು, ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಎದ್ದಾಗ ಕೆನ್ನೆಯ ಮೇಲೆ ಅಕ್ಷರ ಮೂಡಿತ್ತು. ಫೋನ್ ಮಾಡಬಹುದಲ್ಲ ಎನ್ನುತ್ತೀಯೇನೋ. ಫೋನಿನಲ್ಲಿ ನೀನು ‘ಮತ್ತೆ?’ ಎನ್ನುತ್ತೀಯ, ನಾನು ‘ಮತ್ತೇನಿಲ್ಲ’ ಎನ್ನುತ್ತೇನೆ, ಇಬ್ಬರೂ ಇಡುತ್ತೇವೆ. ಕಾಗದವಾದರೆ ನೀನು ಮಧ್ಯೆ ‘ಮತ್ತೆ’ ಅನ್ನಲಾರೆ.

ಅಪ್ಪ ಇದ್ದ ಹಾಗೇ ಇದ್ದಾರೆ. ಬಲಗೈ, ಬಲಗಾಲು ಇನ್ನೂ ಏಳುವುದಿಲ್ಲ. ಎಡಗೈ ಮಾತ್ರ ಮೊದಲಿಗಿಂತ ಚುರುಕಾಗಿದೆ. ಗಂಜಿ ಬೇಡವೆನಿಸಿದರೆ ಚಮಚವನ್ನು ಗೋಡೆಯವರೆಗೆ ಕಳಿಸುತ್ತಾರೆ. ಮಾತು ಹತ್ತು ಹನ್ನೆರಡು ಉಳಿದಿವೆ. ನೀರು, ಬೇಡ, ಇಲ್ಲ, ಸಾಕು. ನಲವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೂತು ಇಡೀ ಬೀದಿಗೆ ಕೇಳುವಂತೆ ಮಾತಾಡಿದ ಮನುಷ್ಯ ಈಗ ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಎಳೆಯುತ್ತಾರೆ. ಮೊನ್ನೆ ಡಾಕ್ಟರಮ್ಮ ಬಂದಿದ್ದರು. “ಇನ್ನೊಂದ್ಸಲ ಹೀಗೇ ಲಕ್ವ ಹೊಡೆದ್ರೆ ಇಷ್ಟೂ ಇರಲ್ಲ ನೋಡಿ. ಈಗ ಜನರ ಗುರುತು ಸಿಗ್ತಿದೆ, ಹೇಳಿದ್ದು ಅರ್ಥ ಆಗ್ತಿದೆ. ಬರೋರು ಯಾರಾದ್ರೂ ಇದ್ರೆ ಈಗ್ಲೇ ಬರೋಕೆ ಹೇಳಿ” ಅಂದರು. ಬರುವವರು ಎಂದರೆ ಇನ್ಯಾರು, ನೀನೊಬ್ಬನೇ. ಅದನ್ನೇ ನಿನಗೆ ಹೇಳುತ್ತಿದ್ದೇನೆ.

ಅಂಗಡಿ ನಡೆಯುತ್ತಿದೆ. ಬೆಳಿಗ್ಗೆ ಅಪ್ಪನಿಗೆ ಮೈ ಒರೆಸಿ, ತಿನ್ನಿಸಿ, ಎಂಟೂವರೆಗೆ ಬಾಗಿಲು ತೆಗೆಯುತ್ತೇನೆ. ಒಂದು ಗಂಟೆಗೆ ಮನೆಗೆ ಓಡಿಬಂದು ಮಗ್ಗುಲು ಬದಲಿಸಿ, ಉಣ್ಣಿಸಿ, ಮತ್ತೆ ಎರಡೂವರೆಗೆ ಅಂಗಡಿ. ಸುಟ್ಟ ಪಂಪುಗಳು ಹೊಸ ತಂತಿ ಸುತ್ತಿಸಿಕೊಳ್ಳಲು ಸಾಲಾಗಿ ಕೂತಿವೆ. ನನ್ನ ಬೆನ್ನನ್ನೂ ಬಿಚ್ಚಿ ರೀವೈಂಡ್ ಮಾಡುವವರು ಇದ್ದಿದ್ದರೆ ಅದೇ ಸಾಲಿನಲ್ಲಿ ಹೋಗಿ ಕೂರುತ್ತಿದ್ದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅಪ್ಪ ನಿನ್ನ ಸಿ.ಡಿ. ಕೇಳುತ್ತಿದ್ದಾರೆ.

ಡಿಸೆಂಬರಿನಲ್ಲಿ ಕಪಾಟು ಒರೆಸುವಾಗ ಅದು ಕೆಳಗೆ ಬಿತ್ತು. ಅಪ್ಪ ಮಂಚದಿಂದಲೇ ನೋಡಿದರು. ಎಡಗೈ ಎತ್ತಿ ತೋರಿಸಿ “ಹಾಕು” ಅಂದರು. ಹಾಕಿದೆ. ಕಪಾಟಿನ ಮೇಲಿನ ಅದೇ ಹಳೆಯ ಆಂಪ್ಲಿಫೈಯರ್, ಚಪ್ಪಲಿ ಡಬ್ಬಿಯಷ್ಟು ದೊಡ್ಡ ಅವೇ ಎರಡು ಸ್ಪೀಕರ್. ಅಪ್ಪ ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ ಕೇಳಿದರು. ಮೋಟಾರಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಗೆ ಕಿವಿಯಿಟ್ಟು ಬೇರಿಂಗ್ ಹೇಗಿದೆಯೆಂದು ಕೇಳುತ್ತಿದ್ದರಲ್ಲ, ಹಾಗೆ. ಮುಗಿದ ಮೇಲೆ “ಇಲ್ಲ” ಅಂದರು. ಹಿಡಿಸಲಿಲ್ಲವೇನೋ ಎಂದುಕೊಂಡು ತೆಗೆದಿಟ್ಟೆ. ಮಾರನೆಯ ದಿನ ಮತ್ತೆ “ಹಾಕು.” ಮತ್ತೆ ಕೊನೆಗೆ “ಇಲ್ಲ.” ನಾಲ್ಕನೆಯ ದಿನ ಇನ್ನೊಂದು ಮಾತನ್ನು ಎಳೆದು ತಂದರು. “ಅವನು… ಇಲ್ಲ.”

ಅವರು ನಿನ್ನನ್ನು ಹುಡುಕುತ್ತಿದ್ದಾರೆ ಕಣೋ.

ಆರು ವರ್ಷದ ಹಿಂದಿನ ಆ ಮಧ್ಯಾಹ್ನವನ್ನು ನಾನೂ ಮರೆತಿಲ್ಲ, ನೀನಂತೂ ಮರೆತಿರಲಾರೆ. ನಿಮ್ಮ ಬ್ಯಾಂಡಿನ ಮೊದಲ ಸಿ.ಡಿ. ನೀನು ತಂದಿದ್ದೆ. ಅಪ್ಪ ಅಂಗಡಿ ಬಾಗಿಲು ಹಾಕಿ ಬಂದಿದ್ದರು, ಜೊತೆಗೆ ಇಬ್ಬರು ಗೆಳೆಯರನ್ನೂ ಕರೆತಂದಿದ್ದರು. ಏಳು ಹಾಡೂ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. “ಹಾಡೋನು ಕೇಳಿಸ್ದ, ಡ್ರಮ್ಮು ಕೇಳಿಸ್ತು, ಆ ಕಹಳೆ ಊದೋ ಹುಡುಗೀನೂ ಕೇಳಿಸಿದ್ಲು. ನೀನೆಲ್ಲಿದ್ದೀಯಪ್ಪಾ ಇದ್ರಲ್ಲಿ? ಬರೀ ಫೋಟೋಗೆ ನಿಂತಿದ್ಯಾ?” ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಆ ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರನ್ನು ಚೀಲಕ್ಕೆ ಹಾಕಿ ಮರುದಿನ ಬೆಳಗಿನ ಬಸ್ಸಿಗೆ ಹೋದವನು ಇನ್ನೂ ಈ ಮೆಟ್ಟಿಲು ಹತ್ತಿಲ್ಲ. ಅಪ್ಪನ ಬಾಯಿ ಎಂಥದ್ದೆಂದು ನಿನಗೆ ಗೊತ್ತೇ ಇತ್ತು. ಅವರ ಹಟವೂ ಗೊತ್ತು, ಅದರಲ್ಲಿ ಅರ್ಧ ನಿನಗೂ ಬಂದಿದೆ.

ಹೋದ ವಾರ ರೇಡಿಯೋ ಮಾಮನ ಹತ್ತಿರ ಹೋಗಿದ್ದೆ. ರೇಡಿಯೋ ರಿಪೇರಿಗೆ ತರುವವರು ಯಾರೂ ಇಲ್ಲದಿದ್ದರೂ ಅವರು ಈಗಲೂ ದಿನಾ ಅಂಗಡಿ ಬಾಗಿಲು ತೆಗೆದು ಕೂರುತ್ತಾರೆ. ನಮ್ಮ ಸ್ಪೀಕರಿನ ವಿಷಯ ಹೇಳಿದೆ. “ಆ ಸ್ವರ ಅದಕ್ಕೆ ಬರೋದೇ ಇಲ್ಲ ತಾಯಿ. ತಗ್ಗಿನ ಸ್ವರ ಹುಟ್ಬೇಕಾದ್ರೆ ಗಾಳೀನ ಜೋರಾಗಿ ತಳ್ಬೇಕು. ಅಂಗೈ ಅಗಲದ ಸ್ಪೀಕರು ಎಷ್ಟು ಗಾಳಿ ತಳ್ಳತ್ತೆ? ನಿಮ್ಮ ಹುಡುಗ ನುಡಿಸಿದ್ದಾನೆ, ನಿಮ್ಮನೆ ಡಬ್ಬಕ್ಕೆ ಅದನ್ನ ಹೇಳೋ ತಾಕತ್ತಿಲ್ಲ ಅಷ್ಟೆ. ಅದಕ್ಕೆ ಸಬ್‌ವೂಫರ್ ಅಂತ ಬೇರೆ ದೊಡ್ಡ ಸ್ಪೀಕರ್ ಬೇಕು, ಅದಕ್ಕೆ ಅದರದ್ದೇ ಆಂಪ್ಲಿಫೈಯರ್ ಬೇಕು” ಅಂದರು. ಅವತ್ತೇ ಯಾರಾದರೂ ಅಪ್ಪನಿಗೆ ಇಷ್ಟು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಅವರ ಹತ್ತಿರ ಅಗ್ಗದ್ದೊಂದು ಇದೆಯಂತೆ. ಅಗ್ಗವೆಂದು ಮುಗ್ಗಿದ ಜೋಳ ಕೊಂಡಂತಾಗಬಾರದು ಎಂದು ಒಂದು ಮನಸ್ಸು. ಅಪ್ಪನ “ಇಲ್ಲ” ಇನ್ನೊಂದು ದಿನ ಕೇಳಲಾರೆ ಎಂದು ಇನ್ನೊಂದು ಮನಸ್ಸು. ನಾಳೆ ತರುತ್ತೇನೆ. ನೀನು ಬರುವ ಯೋಚನೆ ಮಾಡು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬೆರಳಿಗೂ ಹೊಟ್ಟೆಗೂ ಯಾವತ್ತೂ ಕೆಲಸ ತಪ್ಪದಿರಲಿ.

ನಿನ್ನ ಅಕ್ಕ

ಮರೆತಿದ್ದು: ಕಾಗದಕ್ಕೆ ವಾರ್ನಿಷ್ ವಾಸನೆ ಹಿಡಿದಿದ್ದರೆ ಬಿಸಿಲಿಗೆ ಇಟ್ಟು ಓದು. ನನಗೇ ಹಿಡಿದಿದೆ, ಕಾಗದದ್ದೇನು ತಪ್ಪು.

*

ಮಾರ್ಚ್ ೨, ಭಾನುವಾರ

ಪ್ರೀತಿಯ ಗುಂಗುರು,

ನಿನ್ನ ಕಾರ್ಡು ತಲುಪಿತು. ‘ಈಗ ರಜೆ ಇಲ್ಲ. ಅಪ್ಪನ ಆರೋಗ್ಯ ತಿಳಿಸುತ್ತಿರು.’ ಇಷ್ಟೇ ಸಾಲು. ಹಗಲು ವ್ಯಾನ್ ಓಡಿಸಿ, ಸಂಜೆ ಹೋಟೆಲಿನಲ್ಲಿ ನುಡಿಸುವವನಿಗೆ ರಜೆ ಸಿಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಕಾರ್ಡಿನಲ್ಲಿ ಇನ್ನೂ ಅರ್ಧ ಜಾಗ ಖಾಲಿ ಇತ್ತಲ್ಲೋ. ‘ಅಕ್ಕ, ನೀನು ಹೇಗಿದ್ದೀಯ’ ಎಂದು ಬರೆದಿದ್ದರೆ ಅಂಚೆಯವರು ಹೆಚ್ಚು ಕೇಳುತ್ತಿರಲಿಲ್ಲ. ಇರಲಿ ಬಿಡು. ಸುಸ್ತಾದಾಗ ನನ್ನ ನಾಲಿಗೆ ಅಪ್ಪನದಾಗುತ್ತದೆ.

ಸಬ್‌ವೂಫರ್ ಮನೆಗೆ ಬಂತು. ರೇಡಿಯೋ ಮಾಮ ಸ್ಪೀಕರನ್ನು ಬರಿದಾಗಿ ಕೊಟ್ಟರು, ಊಟದ ತಟ್ಟೆಯಷ್ಟು ಅಗಲ, ಹಿಂದೆ ಎರಡು ವೈರು ಬೆಸುಗೆ ಹಾಕಿ. ಅದಕ್ಕೆ ಪೆಟ್ಟಿಗೆ ನಾನೇ ಮಾಡಿದೆ, ಪಂಪುಗಳು ಬರುವ ಪ್ಲೈವುಡ್ ಡಬ್ಬ ಒಡೆದು. ನಮ್ಮ ಅಂಗಡಿಯ ವಿಳಾಸ ಅದರ ಮಗ್ಗುಲಲ್ಲಿ ತಲೆಕೆಳಗಾಗಿ ಕಾಣುತ್ತದೆ. ಆಂಪ್ಲಿಫೈಯರ್ ಒಂದು ತಗಡಿನ ಡಬ್ಬಿ, ಅದರಲ್ಲಿ ಎರಡು ನಾಬ್. ಒಂದು ಸದ್ದು ಹೆಚ್ಚು ಕಡಿಮೆ ಮಾಡಲು. ಇನ್ನೊಂದು, ಎಷ್ಟು ತಗ್ಗಿನ ಸ್ವರದಿಂದ ಕೆಳಗಿನದನ್ನು ಇದು ಹೊರಬೇಕು, ಎಷ್ಟರ ಮೇಲಿನದನ್ನು ಚಿಕ್ಕ ಸ್ಪೀಕರುಗಳಿಗೇ ಬಿಡಬೇಕು ಎಂದು ಗೆರೆ ಹಾಕಲು. ಮನೆ ಪಾಲು ಮಾಡಿಕೊಟ್ಟ ಹಾಗೆ. ಜೊತೆಗೆ ಬಂದ ಚೀಟಿಯ ಅಕ್ಷರವನ್ನು ಇರುವೆಗೂ ಓದಲಾಗದು.

ನಮ್ಮ ಹಳೆಯ ಆಂಪ್ಲಿಫೈಯರಿನಲ್ಲಿ ಸಬ್‌ವೂಫರಿಗೆಂದು ಬೇರೆ ತೂತಿಲ್ಲ. ಚಿಕ್ಕ ಸ್ಪೀಕರಿಗೆ ಹೋಗುವ ವೈರಿನಿಂದಲೇ ಒಂದು ಕವಲು ಎಳೆದು ಹೊಸದಕ್ಕೆ ಕೊಟ್ಟೆ. ಸ್ವಿಚ್ ಹಾಕಿದ ತಕ್ಷಣ ಹಾಡಿಗೆ ಮೊದಲೇ ಒಂದು ಗುಂಯ್ ಶುರುವಾಯಿತು. ಎರಡು ಆಂಪ್ಲಿಫೈಯರನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದ ಮೇಲೆ ಅದು ನಿಂತಿತು. ಅಬ್ಬಾ, ಗೆದ್ದೆ ಎಂದುಕೊಂಡೆ. ಗೆಲುವು ಅಷ್ಟು ಸುಲಭವಾಗಿ ನನ್ನ ಮನೆ ವಿಳಾಸ ಹುಡುಕಿಕೊಂಡು ಬರುವುದಿಲ್ಲ.

ಸಿ.ಡಿ. ಹಾಕಿ ಅಪ್ಪನ ಮಂಚದ ಪಕ್ಕ ಕೂತೆ. ಏನೂ ವ್ಯತ್ಯಾಸವಿಲ್ಲ. ಹಾಡುವವನು, ಡ್ರಮ್ಮು, ಕಹಳೆ, ಎಲ್ಲ ಮೊದಲಿನ ಹಾಗೇ. ನೀರು ತರಲೆಂದು ಅಡುಗೆಮನೆಗೆ ಹೋದರೆ ಅಲ್ಲಿ ಲೋಟಗಳು ತಟ್ಟೆಯ ಮೇಲೆ ಕುಣಿಯುತ್ತಿವೆ! ಹಿಂದಿನ ಬಾಗಿಲಿನ ಹತ್ತಿರ ನಿಂತರೆ ಎದೆಗೆ ಬಡಿಯುತ್ತದೆ. ವಾಪಸು ಮಂಚದ ಹತ್ತಿರ ಬಂದರೆ ಮಂಗಮಾಯ. ಅಷ್ಟರಲ್ಲಿ ಕೆಳಗಿನ ಮನೆಯ ಟೀಚರಮ್ಮ ಹತ್ತಿ ಬಂದರು. “ಏನಮ್ಮಾ, ಮೇಲೆ ಏನಾದ್ರೂ ಕುಟ್ತಾ ಇದ್ದೀಯಾ? ನನ್ ಕನ್ನಡಕ ಮೇಜಿನ ಮೇಲೆ ತಾನಾಗೇ ನಡೀತಾ ಇದೆ” ಅಂದರು. ನಗು ಬಂತು, ಆದರೆ ನಗುವಷ್ಟು ಶಕ್ತಿ ಇರಲಿಲ್ಲ. ಇಡೀ ಕಟ್ಟಡಕ್ಕೆ ನೀನು ಕೇಳಿಸುತ್ತಿದ್ದೆ. ಕೇಳಬೇಕಾದ ಒಂದೇ ಕಿವಿಗೆ ಕೇಳಿಸುತ್ತಿರಲಿಲ್ಲ. ಅಪ್ಪ ಕಣ್ಣು ತೆರೆದು ಎಂದಿನಂತೆ “ಇಲ್ಲ” ಅಂದರು.

ಹತ್ತು ದಿನ ಮಧ್ಯಾಹ್ನದ ಊಟದ ಹೊತ್ತೆಲ್ಲ ಇದಕ್ಕೇ ಹೋಯಿತು. ಆ ಪೆಟ್ಟಿಗೆಯನ್ನು ಕಿಟಕಿಯ ಕೆಳಗೆ ಇಟ್ಟು ನೋಡಿದೆ, ಬಾಗಿಲ ಮೂಲೆಗೆ ಇಟ್ಟು ನೋಡಿದೆ, ಮಂಚದ ಕಾಲಬುಡಕ್ಕೇ ತಳ್ಳಿದೆ. ಅಲ್ಲಿ ಚೂರು ಗುರುಗುಟ್ಟಿದ ಹಾಗಾಯಿತು, ಸ್ವರ ಮಾತ್ರ ಬರಲಿಲ್ಲ. ಸದ್ದಿನ ನಾಬನ್ನು ಕೊನೆಯವರೆಗೆ ತಿರುಗಿಸಿದೆ. ಹದಿನೈದು ನಿಮಿಷಕ್ಕೆ ತಗಡಿನ ಡಬ್ಬಿ ಕಾವಲಿಯಂತೆ ಕಾದು ತಾನಾಗಿ ಆರಿಹೋಯಿತು. ಡಬ್ಬಿಯ ಮೇಲೆ ಬರೆದಿರುವ ಶಕ್ತಿ ಬೇರೆ, ಒಳಗಿರುವ ಶಕ್ತಿ ಬೇರೆ. ಅದನ್ನು ಬೈಯಲು ನನಗೆ ಬಾಯಿಲ್ಲ, ನಾನೂ ಈಚೆಗೆ ಹಾಗೇ ಇದ್ದೇನೆ.

ಗುರುವಾರ ಒಂದು ತಪ್ಪು ಮಾಡಿದೆ. ಪೆಟ್ಟಿಗೆಯನ್ನು ಆರನೆಯ ಸಲ ಜರುಗಿಸಿ, ಸೊಂಟ ಹಿಡಿದುಕೊಂಡು ನಿಂತಿದ್ದೆ. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ. ಅಪ್ಪ “ಇಲ್ಲ” ಅಂದರು. “ಇಲ್ಲ, ಇಲ್ಲ, ಇಲ್ಲ! ಇನ್ನೆಷ್ಟು ಸಲ ಇಲ್ಲ ಅಂತೀರಪ್ಪಾ? ಇಲ್ಲಿ ಇರೋಳು ಒಬ್ಬಳಿದ್ದೀನಲ್ಲ, ಅದು ಕಾಣಲ್ವಾ?” ಎಂದು ಕಿರುಚಿಬಿಟ್ಟೆ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಪೂರ್ತಿ ತಿರುಗಲು ಅವರಿಗೆ ಆಗುವುದಿಲ್ಲ, ಕತ್ತು ಅರ್ಧಕ್ಕೆ ನಿಂತಿತು. ನಾನು ನೆಲದ ಮೇಲೆ ಕೂತು ಅತ್ತೆ. ಅಂಗಡಿಗೆ ಹೋಗಲು ಆವತ್ತು ಮೂರೂವರೆಯಾಯಿತು.

ನಾಳೆ ಎಲ್ಲವನ್ನೂ ಬಿಚ್ಚಿ ರೇಡಿಯೋ ಮಾಮನಿಗೆ ವಾಪಸು ಕೊಡುತ್ತೇನೆ. ಸೋತೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಆದರೆ ನೀನೇ ಬಂದು ಆ ಮಂಚದ ಪಕ್ಕ ಕೂತು ನುಡಿಸಿದರೆ ಈ ತಗಡಿನ ಡಬ್ಬಿಯ ಗೋಳೇ ಬೇಡ. ಅಪ್ಪನಿಗೆ ಈಗಲೂ ಗುರುತು ಸಿಗುತ್ತಿದೆ. ನಾಳೆಯದು ನಾನು ಹೇಳಲಾರೆ.

ರಸ್ತೆಯ ಮೇಲೆ ನಿಧಾನವಾಗಿ ಹೋಗು. ದೇವರು ನಿನ್ನನ್ನು ಕಾಯಲಿ, ಅವನಿಗೆ ಪುರುಸೊತ್ತಿಲ್ಲದಿದ್ದರೆ ನೀನೇ ಕಾಯ್ದುಕೋ.

ನಿನ್ನ ಅಕ್ಕ

*

ಮಾರ್ಚ್ ೧೬, ಭಾನುವಾರ

ಪ್ರೀತಿಯ ಗುಂಗುರು,

ಚೆನ್ನಾಗಿದ್ದೀಯಾ? ಈ ಸಲ ತಡವಾದದ್ದಕ್ಕೆ ಕೆಲಸ ಕಾರಣವಲ್ಲ. ಏನು ಬರೆಯಬೇಕೆಂದು ಗೊತ್ತಿತ್ತು, ಹೇಗೆ ಬರೆಯಬೇಕೆಂದು ಗೊತ್ತಾಗಲಿಲ್ಲ. ಕ್ಷಮಿಸು.

ಮೊದಲು ಸುದ್ದಿ. ಅಪ್ಪನಿಗೆ ನೀನು ಕೇಳಿಸಿದೆ.

ಹೇಗೆ ಎಂದು ಹೇಳಿದರೆ ನಮ್ಮ ಕಸುಬಿನವರು ಯಾರಾದರೂ ನನ್ನ ಮುಖಕ್ಕೆ ಉಗಿಯುತ್ತಾರೆ. ವಾಪಸು ಕೊಡಲೆಂದು ಸೋಮವಾರ ಮಧ್ಯಾಹ್ನ ಸಬ್‌ವೂಫರಿನ ಪೆಟ್ಟಿಗೆಯನ್ನು ಮಂಚದ ಪಕ್ಕಕ್ಕೆ ಎಳೆದು, ಹಿಂದಿನ ಹಲಗೆ ಬಿಚ್ಚಿದೆ. ಅಪ್ಪ ನೋಡುತ್ತಿದ್ದರು. ನಾನು ವೈರಿಗೆ ಕೈ ಹಾಕಿದ್ದೇ ತಡ, ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯತೊಡಗಿದರು. ನೀರು ಬೇಕೇನೋ ಎಂದು ಎದ್ದೆ. ಅಲ್ಲ. ಎರಡು ಬೆರಳು ಎತ್ತಿ ಒಂದರ ಮೇಲೊಂದು ಹೆಣೆದು ತೋರಿಸಿದರು. ಅಂಗಡಿಯಲ್ಲಿ ಗಲಾಟೆಯ ನಡುವೆ ನನಗೆ ದೂರದಿಂದ ತೋರಿಸುತ್ತಿದ್ದ ಸನ್ನೆ ಅದು. ಆಮೇಲೆ ಬಾಯಿ ಸೊಟ್ಟ ಮಾಡಿ, ಇಡೀ ಮೈಯ ಬಲ ಹಾಕಿ ಒಂದು ಮಾತು ಹೊರಗೆ ತಂದರು. “ಉಲ್ಟಾ.”

ನಿನಗೆ ಅಂಗಡಿಯ ರೀತಿ ಮರೆತಿರಬಹುದು, ನೆನಪಿಸುತ್ತೇನೆ. ತಾಮ್ರದ ತಂತಿ ಸುತ್ತಿದ ಪ್ರತಿ ಕಾಯಿಲಿಗೂ ಎರಡು ತುದಿ, ಶುರುವಿನದು ಒಂದು, ಕೊನೆಯದು ಒಂದು. ಅವು ಅದಲುಬದಲಾದರೆ ಒಂದು ಕಾಯಿಲು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಮೋಟಾರ್ ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ಗುರುತಿಗೆಂದು ಒಂದು ತುದಿಗೆ ದಾರ ಕಟ್ಟುತ್ತೇವೆ. ಬೇರೆಯವರೆಲ್ಲ ಶುರುವಿನ ತುದಿಗೆ ಕಟ್ಟಿದರೆ ಅಪ್ಪ ಕೊನೆಯ ತುದಿಗೆ ಕಟ್ಟುವವರು. “ಶುರು ಎಲ್ಲಿ ಅಂತ ಕತ್ತೆಗೂ ಗೊತ್ತಿರತ್ತೆ. ಮುಗಿಯೋದೆಲ್ಲಿ ಅಂತ ನೆನಪಿಟ್ಕೋಬೇಕು” ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ರೂಢಿಯಲ್ಲಿ ಬೆಳೆದ ಕೈ ನನ್ನದು. ರೇಡಿಯೋ ಮಾಮ ಸ್ಪೀಕರಿನ ಪ್ಲಸ್ಸಿನ ವೈರಿಗೆ ಕೆಂಪು ದಾರ ಕಟ್ಟಿ ಕೊಟ್ಟಿದ್ದರು. ದಾರ ಕಂಡ ತಕ್ಷಣ, ಯೋಚನೆಯನ್ನೂ ಮಾಡದೆ, ಕೊನೆಯ ತುದಿ ಎಂದುಕೊಂಡು ಅದನ್ನು ಮೈನಸ್ಸಿಗೆ ಕೊಟ್ಟಿದ್ದೇನೆ.

ಟಾರ್ಚಿನ ಸೆಲ್ಲನ್ನು ವೈರಿಗೆ ಮುಟ್ಟಿಸಿ ನೋಡಿದೆ. ದಾರದ ವೈರಿಗೆ ಸೆಲ್ಲಿನ ಪ್ಲಸ್ ತಾಗಿಸಿದರೆ ಸ್ಪೀಕರಿನ ಹಾಳೆ ಟಪ್ ಎಂದು ಮುಂದಕ್ಕೆ ಬಂತು. ಅಂದರೆ ದಾರವೇ ಪ್ಲಸ್ಸು, ಅಪ್ಪನ ಮಾತೇ ಸರಿ. ಹತ್ತು ದಿನದಿಂದ ಚಿಕ್ಕ ಸ್ಪೀಕರುಗಳು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇದು ಹಿಂದಕ್ಕೆ ಎಳೆಯುತ್ತಿತ್ತು. ಮಂಚದ ಹತ್ತಿರ ಬರುವಷ್ಟರಲ್ಲಿ ಎರಡೂ ಕಿತ್ತಾಡಿ ಸ್ವರ ಸತ್ತುಹೋಗುತ್ತಿತ್ತು. ಚಿಕ್ಕ ಸ್ಪೀಕರಿನ ಸದ್ದು ಹೆಚ್ಚು ತಲುಪದ ಅಡುಗೆಮನೆಯಲ್ಲಿ ಈ ಜಗಳವಿಲ್ಲ, ಅದಕ್ಕೇ ಲೋಟ ಕುಣಿದವು. ದಿನಕ್ಕೆ ನಾಲ್ಕು ಮೋಟಾರಿನ ತುದಿ ಸರಿಪಡಿಸುವವಳು ಮನೆಯಲ್ಲಿ ಎರಡೇ ಎರಡು ವೈರು ಸರಿಯಾಗಿ ಕೊಡಲಿಲ್ಲ. ಊರಿಗೆಲ್ಲ ಉಪದೇಶ, ತನ್ನ ಮನೆ ಕತ್ತಲು. ಮಾತು ಹೋದ ಅಪ್ಪ ಮಲಗಿದಲ್ಲಿಂದಲೇ ಅದನ್ನು ಹಿಡಿದರು. ನನ್ನ ಕೆಲಸದಲ್ಲಿ ತಪ್ಪು ಕಂಡ ಖುಷಿ ಅವರ ಅರ್ಧ ಮುಖದಲ್ಲಿ ಎದ್ದು ಕಾಣುತ್ತಿತ್ತು!

ವೈರು ಬದಲಿಸಿದೆ. ಪೆಟ್ಟಿಗೆಯನ್ನು ಕಪಾಟಿನ ಬುಡಕ್ಕೆ, ಚಿಕ್ಕ ಸ್ಪೀಕರುಗಳ ಪಕ್ಕಕ್ಕೆ ತಂದಿಟ್ಟೆ. ಸದ್ದಿನ ನಾಬು ಅರ್ಧಕ್ಕೂ ಕಡಿಮೆ. ಕೆಳಗಿನ ಟೀಚರಮ್ಮನ ಕನ್ನಡಕ ಕದಲಲಿಲ್ಲ, ಆಮೇಲೆ ಕೇಳಿದೆ.

ಮೊದಲ ಹಾಡಿಗೇ ಕೋಣೆ ಬೇರೆಯಾಯಿತು. ಸದ್ದು ಹೆಚ್ಚಾಗಿರಲಿಲ್ಲ, ಎಲ್ಲಕ್ಕೂ ಕಾಲ ಕೆಳಗೆ ನೆಲ ಬಂದ ಹಾಗಾಯಿತು. ಅಪ್ಪ ಕಣ್ಣು ಮುಚ್ಚಲಿಲ್ಲ. ಅವರ ಎಡಗೈಯ ಬೆರಳು ಹೊದಿಕೆಯ ಮೇಲೆ ಅಲ್ಲಾಡತೊಡಗಿತು. ಡ್ರಮ್ಮಿನ ಲೆಕ್ಕಕ್ಕೆ ಅಂದುಕೊಂಡೆ. ಅಲ್ಲ, ಅದು ನಿನ್ನ ಹಿಂದೆ ಹೋಗುತ್ತಿತ್ತು. ನೀನು ನಿಂತಲ್ಲಿ ನಿಲ್ಲುತ್ತಿತ್ತು, ನೀನು ಹೊರಟಾಗ ಹೊರಡುತ್ತಿತ್ತು. ಮೂರನೆಯ ಹಾಡಿನಲ್ಲಿ ಎಲ್ಲರೂ ಸುಮ್ಮನಾಗಿ ನೀನೊಬ್ಬನೇ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಹೋಗುತ್ತೀಯಲ್ಲ, ಅಲ್ಲಿ ಅವರ ಬೆರಳು ನಿಂತಿತು. ನನ್ನ ಕಡೆ ತಿರುಗಿ ನೋಡಿದರು. “ಇದಾನೆ” ಅಂದರು.

ಮೂರು ತಿಂಗಳು ‘ಇಲ್ಲ’ ಕೇಳಿದ ಕಿವಿಗೆ ಅದು ಎಂಥ ಮಾತೆಂದು ಹೇಗೆ ಬರೆಯಲಿ. ನನಗೆ ಸಂತೋಷವಾಯಿತು, ನಿಜವಾಗಿ ಆಯಿತು. ಆಮೇಲೆ ಅಲ್ಲೇ ಗೋಡೆಗೆ ಒರಗಿ ಕೂತೆ. ಈಗ ದಿನಾ ಮಧ್ಯಾಹ್ನ ಮೂರನೆಯ ಹಾಡು ಒಂದೇ. ಬೇರೆಯದು ಹಾಕಿದರೆ “ಬೇಡ.” ನಿನ್ನೆ ಹೊಸ ಮಾತು ಬಂತು, “ಕರಿ.” ಯಾರನ್ನು ಎಂದು ನಾನು ಕೇಳಲಿಲ್ಲ.

ಅದಕ್ಕೇ ಮತ್ತೆ ಕರೆಯುತ್ತಿದ್ದೇನೆ. ಎರಡು ದಿನಕ್ಕಾದರೂ ಬಾ. ಗಿಟಾರ್ ತಂದರೆ ಸಂತೋಷ, ತರದಿದ್ದರೂ ಪರವಾಗಿಲ್ಲ, ಬರಿಗೈಯಲ್ಲಿ ಬಾ. ಡಾಕ್ಟರಮ್ಮ ಈ ವಾರ ಮತ್ತೆ ಬಂದು ಅಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಏನೂ ಹೇಳದೆ ಹೋದರು. ಅವರು ಹೇಳಿ ಹೋದ ದಿನಗಳೇ ವಾಸಿ ಅನಿಸಿತು.

ನೀನು ಇದ್ದಲ್ಲಿ ತಣ್ಣಗಿರು. ನೀನು ನುಡಿಸುವುದು ಕೇಳಬೇಕಾದವರಿಗೆಲ್ಲ ಕೇಳಿಸಲಿ. ಎತ್ತಿ ಆಡಿಸಿದ ಕೈಯ ಆಶೀರ್ವಾದ ಇದು, ಬೇಡ ಎಂದರೂ ನಿನಗೆ ಅಂಟಿರುತ್ತದೆ.

ನಿನ್ನ ಅಕ್ಕ

ಕಡೆಯಲ್ಲಿ: ಕಾಗದ ಮಡಚಿ, ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದ್ದೇನೆ. ಒಂದು ವಿಷಯ ಬರೆಯದೆ ಬಿಟ್ಟಿದ್ದೆ.

“ಇದಾನೆ” ಎಂದ ಮೇಲೆ ಅಪ್ಪ ಅಲ್ಲಿಗೇ ಬಿಡಲಿಲ್ಲ. ಹಾಡು ಮುಗಿದ ಮೇಲೆ ತುಂಬ ಹೊತ್ತು ಒದ್ದಾಡಿ “ಅವತ್ತೂ… ಇದ್ನಾ?” ಎಂದು ಕೇಳಿದರು. “ಹೂಂ ಅಪ್ಪಾ, ಅವತ್ತೂ ಇದ್ದ” ಅಂದೆ. ಅವರ ಎಡಗಣ್ಣಿನಿಂದ ನೀರು ಇಳಿಯಿತು. ಒರೆಸಿದೆ. ಆಮೇಲೆ “ನಿಂಗೆ… ಗೊತ್ತಿತ್ತಾ?” ಅಂದರು. “ಇಲ್ಲಪ್ಪ, ನಂಗೆ ಹೇಗೆ ಗೊತ್ತಿರತ್ತೆ?” ಅಂದೆ. ಪಾಪ ನಂಬಿದರು. ಎಡಗೈಯಿಂದ ನನ್ನ ಕೈ ಸವರಿ ನನಗೇ ಸಮಾಧಾನ ಮಾಡಿದರು.

ನೀನು ಸಿ.ಡಿ. ತಂದ ದಿನ ಮೊದಲು ಅಂಗಡಿಗೆ ಬಂದಿದ್ದೆ. ನಾನು ಕಾಯಿಲಿಗೆ ವಾರ್ನಿಷ್ ಹಾಕುತ್ತಿದ್ದೆ, ಕೈ ತುಂಬ ಅಂಟು. ನಿನ್ನ ಹೆಡ್‌ಫೋನನ್ನು ನೀನೇ ನನ್ನ ಕಿವಿಗೆ ಹಾಕಿದೆ. ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ಬಡಿಯುತ್ತಾ “ಅಕ್ಕಾ, ಇದು ನಾನು. ಇದೂ ನಾನು. ಈಗ ನೋಡು, ನಾನೊಬ್ಬನೇ” ಎಂದೆ. ಏಳು ಹಾಡಿನಲ್ಲೂ ನೀನು ನನಗೆ ಕೇಳಿಸಿದ್ದೆ. ಮರುದಿನ ಮಧ್ಯಾಹ್ನ ಅಪ್ಪ ‘ನೀನೆಲ್ಲಿದ್ದೀಯ’ ಎಂದು ಕೇಳಿ, ಗೆಳೆಯರು ನಕ್ಕಾಗ, ನೀನು ಅಪ್ಪನ ಮುಖ ನೋಡಲಿಲ್ಲ. ನನ್ನ ಮುಖ ನೋಡಿದೆ. ‘ನಾನು ಕೇಳಿದ್ದೀನಪ್ಪ, ಇದ್ದಾನೆ’ ಎಂಬ ಒಂದು ಮಾತು ಸಾಕಿತ್ತು. ನಾನು ಟೀ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಯಾಕೆ ಎಂದು ಕೇಳುವ ಹಕ್ಕು ನಿನಗಿದೆ. ಅಪ್ಪ ನಿನ್ನ ಹಾಡಿಗಾಗಿ ಅಂಗಡಿ ಬಾಗಿಲು ಹಾಕಿದ್ದರು. ನಾನು ಸುತ್ತಿದ ಒಂದೇ ಒಂದು ಮೋಟಾರನ್ನು ಅವರು ಚೆನ್ನಾಗಿದೆ ಎಂದಿರಲಿಲ್ಲ. ಇದ್ದೂ ಇಲ್ಲ ಎನ್ನಿಸಿಕೊಳ್ಳುವುದು ಹೇಗಿರುತ್ತದೆಂದು ಇವನಿಗೂ ಒಮ್ಮೆ ತಿಳಿಯಲಿ ಎನಿಸಿತು. ಹಿತವಾಯಿತು ಕೂಡ, ಲೋಟಗಳನ್ನು ಅಡುಗೆಮನೆಗೆ ಒಯ್ದು ಇಡುವಷ್ಟು ಹೊತ್ತು. ಆಮೇಲೆ ಆರು ವರ್ಷ ನಿನಗೆ ಬರೆದ ಪ್ರತಿ ಕಾಗದದಲ್ಲೂ ಅಪ್ಪನ ಹಟವನ್ನು ದೂರಿದೆ. ‘ಅವತ್ತು ನೀನ್ಯಾಕೆ ಹೇಳಲಿಲ್ಲ’ ಎಂದು ನೀನು ಒಂದು ಸಲವೂ ತಿರುಗಿ ಕೇಳಲಿಲ್ಲ.

ನೀನು ಬಾರದಿರುವುದು ಅಪ್ಪನ ಮುಖ ನೋಡಬೇಕಲ್ಲ ಎಂದಲ್ಲ, ಗೊತ್ತು. ಅದಕ್ಕೆ ಹೇಳುತ್ತಿದ್ದೇನೆ. ಬರುವ ದಿನ ಒಂದು ಕಾರ್ಡು ಹಾಕು. ಅವತ್ತು ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿಯಲ್ಲೇ ಇರುತ್ತೇನೆ, ಮಧ್ಯಾಹ್ನವೂ ಮನೆಗೆ ಬರುವುದಿಲ್ಲ. ಗಂಜಿ ಒಲೆಯ ಮೇಲೆ ಇಟ್ಟು ಹೋಗಿರುತ್ತೇನೆ, ಬಿಸಿ ಮಾಡಿ ತಿನ್ನಿಸು, ಎಡಗಡೆಯಿಂದ. ಕೀಲಿ ಕೆಳಗಿನ ಟೀಚರಮ್ಮನ ಹತ್ತಿರ ಇರುತ್ತದೆ.